ಅಪ್ಪನ ಕೋವಿಯ ಎರಡಕ್ಷರ

ಮಣ್ಣಗುಡ್ಡ, ಮಂಗಳೂರು
12 ಜನವರಿ 2025

ಪ್ರೀತಿಯ ತಮ್ಮ ಮುಖೇಶನಿಗೆ,

ಅಣ್ಣ ಜಯನ ಆಶೀರ್ವಾದಗಳು. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ಉತ್ತರ ತಡವಾದುದಕ್ಕೆ ಬೇಸರಿಸಬೇಡ. ಫೋನು ಮಾಡಿದರೆ ನಿನಗೆ ಅರ್ಧ ಮಾತು ಕೇಳುತ್ತದೆ, ಉಳಿದರ್ಧಕ್ಕೆ ಸುಮ್ಮನೆ “ಹ್ಞಾಂ, ಹ್ಞಾಂ” ಅನ್ನುತ್ತೀ. ಹಾಗಾಗಿ ಕಾಗದವೇ ಸರಿ. ಮೇ ತಿಂಗಳಲ್ಲಿ ಮಸ್ಕತ್ ಬಿಟ್ಟು ಬರುತ್ತೇನೆಂದು ಬರೆದಿದ್ದೀಯಲ್ಲ, ನಿನ್ನ ಅತ್ತಿಗೆ ಆಗಲೇ ಮೇಲಿನ ಕೋಣೆಗೆ ಬಣ್ಣ ಹೊಡೆಸಿದ್ದಾಳೆ.

ನನಗೊಂದು ಹೊಸ ಹುಚ್ಚು ಹಿಡಿದಿದೆ. ಚುನಾವಣೆಗೆಂದು ಠಾಣೆಯಲ್ಲಿಟ್ಟಿದ್ದ ಅಪ್ಪನ ಕೋವಿ ಜೂನಿನಲ್ಲಿ ವಾಪಸ್ ಸಿಕ್ಕಾಗ ತುಕ್ಕು ಹಿಡಿದಿತ್ತು. ಬಲ್ಮಠದಲ್ಲಿ ಕೋವಿ ರಿಪೇರಿ ಮಾಡುವ ಹ್ಯೂಬರ್ಟರಲ್ಲಿಗೆ ಒಯ್ದೆ. ಅವರು ಯಾರದೋ ರೈಫಲಿನ ರಿಸೀವರಿನಲ್ಲಿ, ಅಂದರೆ ನಳಿಗೆಯ ಬುಡದ ಉಕ್ಕಿನ ಮೇಲೆ, ಎಲೆಬಳ್ಳಿ ಕೆತ್ತುತ್ತಿದ್ದರು. ನೋಡುತ್ತಾ ನಿಂತವನು ಊಟ ಮರೆತೆ. ಮರುದಿನದಿಂದಲೇ ಶಿಷ್ಯನಾದೆ. ಐವತ್ತೈದರಲ್ಲಿ ಇದೆಂತ ಮರ್ಲು ನಿಮಗೆ ಎಂದು ನಿನ್ನ ಅತ್ತಿಗೆ ಕೇಳಿದಳು.

ಮೂರು ತಿಂಗಳು ಹಿತ್ತಾಳೆಯ ತಗಡು, ಆಮೇಲೆ ಉಕ್ಕು. ನಾನು ಎಡಚನಾದ್ದರಿಂದ ಹ್ಯೂಬರ್ಟರು ನನಗೆಂದೇ ಬೇರೆ ಉಳಿ ಸಾಣೆ ಹಿಡಿದು ಕೊಟ್ಟರು. ಗೆರೆ ಬಳುಕಬೇಕಾದರೆ ಉಳಿ ತಿರುಗಿಸಬಾರದು, ಕಬ್ಬಿಣವನ್ನೇ ತಿರುಗಿಸಬೇಕು. ಇಷ್ಟು ಕಲಿಯಲು ನನ್ನ ಎರಡು ಬೆರಳಿಗೆ ಪಟ್ಟಿ ಬಿತ್ತು. ಅವರು ತಾವು ಭಾನುವಾರ ಪೂಜೆಗೆ ಹೋಗುವ ಇಗರ್ಜಿಯ ಪೀಠದಲ್ಲಿರುವಂಥ ಎಲೆ ಬರೆದುಕೊಟ್ಟರೆ, ನಾನು ನಮ್ಮ ಅಲಸಂಡೆ ಬಳ್ಳಿಯೇ ಆಗಬೇಕೆಂದು ಹಠ ಹಿಡಿದೆ. ಬಡಿಸಿದರೆ ಮುಟ್ಟದವರು ಉಕ್ಕಿನಲ್ಲಿ ಬೆಳೆಸುತ್ತಿದ್ದಾರೆಂದು ಮನೆಯಲ್ಲಿ ನಗು.

ಈಗ ಅಪ್ಪನ ಕೋವಿಯ ಸರದಿ. ನೀನು ಬಂದ ಮೇಲೆ ಪರವಾನಗಿಯನ್ನು ನಿನ್ನ ಹೆಸರಿಗೆ ಮಾಡಿಸಿ ನಿನ್ನ ಕೈಗೇ ಕೊಡಬೇಕೆಂಬ ಆಸೆ ನನ್ನದು. ಸಾಯುವವರೆಗೂ ಅಪ್ಪ ಅದನ್ನು ನಿನಗೆ ಮುಟ್ಟಲು ಬಿಡಲಿಲ್ಲ. ಅದಕ್ಕೆ ಕಾರಣವಾದದ್ದು ನಡೆದಾಗ ನಿನಗೆ ಎಂಟು ವರ್ಷ. ಆ ಉಕ್ಕಿನ ಮೇಲೆ ಮೊಳೆಯಿಂದ ಗೀಚಿದ ‘ಮುಖು’ ಎಂಬ ಎರಡಕ್ಷರ ಅಪ್ಪನ ಕಣ್ಣಿಗೆ ಬಿತ್ತು. ನೀನು “ನಾನಲ್ಲ” ಎಂದೆ. ಹೆಸರು ನಿನ್ನದು, ಮತ್ತೆ ಯಾರು ನಂಬುತ್ತಾರೆ? ಕೆನ್ನೆಗೆ ಬಾರಿಸಿ, “ಸುಳ್ಳು ಹೇಳುವವನ ಕೈಗೆ ಕೋವಿ ಇಲ್ಲ” ಎಂದರು. ಆಡಿದ ಮಾತಿನಂತೆಯೇ ನಡೆದರು, ಕೋವಿ ನನಗೆ ಬಂತು.

ಆ ಗೀರನ್ನು ತಿಕ್ಕಿ ತೆಗೆಯದೆ ಬಳ್ಳಿ ಚಂದ ಕಾಣದೆಂದು ಹ್ಯೂಬರ್ಟರು ಹೇಳಿದರು. ಮೂರು ದಿನ ಪಾಲಿಶ್ ಕಾಗದ ಹಿಡಿದು ಕೂತೆ, ಕೈ ಮುಂದೆ ಹೋಗಲಿಲ್ಲ. ಕೊನೆಗೆ ಎರಡಕ್ಷರವನ್ನು ಹಾಗೇ ಬಿಟ್ಟು, ಸುತ್ತಲೂ ಬಳ್ಳಿ ಹಬ್ಬಿಸಿದ್ದೇನೆ. ಒಂದು ಎಲೆ ಸೊಟ್ಟಗಿದೆ, ನೀನು ನಗಬಹುದು.

ಆರೋಗ್ಯ ನೋಡಿಕೋ. ಕಿವಿಯ ಮಷಿನು ತೆಗೆದಿಡಬೇಡ. ದೇವರು ನಿನ್ನನ್ನು ಸುಖವಾಗಿ ಮನೆ ಮುಟ್ಟಿಸಲಿ.

ನಿನ್ನ,
ಜಯಣ್ಣ

ವಿ.ಸೂ.: ಆ ಗೀರನ್ನು ಭೂತಗನ್ನಡಿಯಲ್ಲಿ ನೋಡಿ ಹ್ಯೂಬರ್ಟರು, “ಇದು ಎಡಗೈಯವರು ಗೀಚಿದ್ದು ಮಾರಾಯ್ರೆ. ಗೆರೆಯ ಓರೆ ನಿಮ್ಮದರ ಹಾಗೇ ಉಂಟು” ಎಂದರು. ನಮ್ಮ ಮನೆಯಲ್ಲಿ ಎಡಚ ನಾನೊಬ್ಬನೇ. ರಾತ್ರಿ ತೋಟಕ್ಕೆ ನುಗ್ಗುವ ಕಾಡುಹಂದಿಗೆ ಕೋವಿ ಹಿಡಿದು ಕಾಯಲು ಅಪ್ಪ ನನ್ನನ್ನು ಬಿಟ್ಟು ನಿನ್ನನ್ನು ಕರೆದೊಯ್ದರೆಂಬ ಹೊಟ್ಟೆಕಿಚ್ಚಿಗೆ ನಿನ್ನ ಹೆಸರು ಗೀಚಿದವನು ನಾನು. ನೀನು ಬೈಗುಳ ತಿನ್ನಲಿ ಎಂದಿದ್ದೆ, ಆ ಪೆಟ್ಟಿಗೆ ನಿನ್ನ ಕಿವಿಯೇ ಹೋಯಿತು. ಗೊತ್ತಿದ್ದೂ ನಲವತ್ತಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅಕ್ಷರ ಅಳಿಸಬೇಕೋ ಬಿಡಬೇಕೋ, ನೀನೇ ಬಂದು ಹೇಳು. ಹೋದ ವರ್ಷ ಒಮ್ಮೆ ಫೋನಿನಲ್ಲಿ ಇದನ್ನೆಲ್ಲ ಹೇಳಿದ್ದೆ. ನೀನು “ಹ್ಞಾಂ, ಹ್ಞಾಂ” ಎಂದೆ. ನಿನಗೆ ಕೇಳಿಸಿಲ್ಲವೆಂದು ತಿಳಿದೂ, ಹೇಳಿಯಾಯಿತಲ್ಲ ಎಂದು ನಾನು ಫೋನು ಇಟ್ಟೆ.