ಅತ್ತೆಯ ಆಮೆಗೆ ಬಣ್ಣ

ಜೂನ್ 3, ಮಂಗಳವಾರ

ಎರಡು ಬ್ಲೌಸ್ ಹೊಲಿದೆ. ರಕ್ಷಾ ಇವತ್ತೂ ಕೋಣೆಯಲ್ಲೇ. ಏಪ್ರಿಲ್‌ನಲ್ಲಿ ಹೊಟ್ಟೆಯಲ್ಲಿದ್ದ ಮಗು ಹೋದಮೇಲೆ ಸೊಸೆ ಶಾಲೆಗೂ ಹೋಗಿಲ್ಲ — ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದವಳು. ಮಗ ರವೀಶನ ಹತ್ತಿರವೂ ಮಾತಿಲ್ಲ. ಸಮಾಧಾನ ಹೇಳಹೋದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಬೇರೇನೂ ತೋಚದೆ ಕೇಳಿದೆ:

"ನಂಗೂ ಕಂಪ್ಯೂಟರ್ ಕಲಿಸ್ತೀಯೇನೇ?"

"ಈಗ ಎಂತಕ್ಕೆ ಅತ್ತೆ?"

"ಕಸೂತಿ ಡಿಸೈನ್ ಮಾಡಕ್ಕೆ."

ಸುಳ್ಳು. ಆದರೂ ಲ್ಯಾಪ್‌ಟಾಪ್ ತೆರೆದಳು.

ಜೂನ್ 5, ಸಂಜೆ

ಪೈಥಾನ್ ಅಂತ ಒಂದು ಕಂಪ್ಯೂಟರ್ ಭಾಷೆಯಂತೆ. ಪರದೆ ಮೇಲೊಂದು ಆಮೆ. ಹೇಳಿದಷ್ಟು ನಡೆಯುತ್ತದೆ, ಹೋದಲ್ಲೆಲ್ಲ ಗೆರೆ. ಇಡೀ ಸಂಜೆ ಕೂತು ಒಂದು ಚೌಕ ಬರೆದೆ — ಅದೂ ಸೊಟ್ಟ.

"ತೊಂಬತ್ತು ಡಿಗ್ರಿ ತಿರುಗ್ಸಿ ಅತ್ತೆ. ಒಂಬತ್ತಲ್ಲ!"

ಗದರಿದಳು. ಎಷ್ಟು ಖುಷಿಯಾಯಿತು.

ಜೂನ್ 11

ಕಪ್ಪು ಗೆರೆ ಬೇಜಾರು, ಬಣ್ಣ ಬೇಕು ಎಂದೆ. ರ್‍ಯಾಂಡಮ್ ಅಂತ ಬರೆದರೆ ಯಾವ ಬಣ್ಣವೋ ತಾನೇ ಆರಿಸಿಕೊಳ್ಳುತ್ತದಂತೆ. ಕೆಂಪು, ಹಸಿರು, ನೀಲಿ — ಒಂದೊಂದಕ್ಕೂ 255ರೊಳಗೆ ಯಾವುದೋ ಸಂಖ್ಯೆ. ಮೂರೂ ಬೆರೆತು ಒಂದು ಬಣ್ಣ. ಬರೆದು ಒತ್ತಿದೆ. ಎರರ್! 'ಬ್ಯಾಡ್ ಕಲರ್' ಅಂತ.

"ಆರಿಸಿದ್ದು ಅದು, ಕೆಟ್ಟ ಬಣ್ಣ ಅಂತ ಬೈಗುಳ ನಂಗಾ?"

ರಕ್ಷಾ ನಕ್ಕಳು. ಜೋರಾಗಿ. ರವೀಶ ಅಡುಗೆಮನೆಯಿಂದ ಓಡಿಬಂದವನು ಬಾಗಿಲಲ್ಲೇ ನಿಂತುಬಿಟ್ಟ...

"ಸಂಖ್ಯೆ 255ರವರೆಗೆ ಅಂತ ಅದಕ್ಕೆ ಮೊದ್ಲೇ ಹೇಳ್ಬೇಕು. ಕಲರ್‌ಮೋಡ್ 255 ಅಂತ ಹಾಕ್ಲೇ ಇಲ್ಲ ನೀವು," ಎಂದಳು, ಕಣ್ಣೊರೆಸಿಕೊಳ್ಳುತ್ತ.

ಜೂನ್ 12

ವೃತ್ತದ ಮೇಲೆ ವೃತ್ತ ಹಾಕಿ ಹೂವು ಮಾಡಿದೆವು. ಒಂದೊಂದಕ್ಕೂ ಒಂದೊಂದು ಬಣ್ಣ. ಅದೆಂಥ ಚೆಂದ! ಇನ್ನೊಮ್ಮೆ ನೋಡೋಣವೆಂದು ಒತ್ತಿದೆ — ಬೇರೆಯೇ ಬಣ್ಣಗಳು ಬಂದವು.

"ಅಯ್ಯೋ, ಹೋಯ್ತಲ್ಲೇ!"

ಬಾಯಿತಪ್ಪಿ ಬಂದ ಮಾತು. ಅವಳ ಮುಖ ನೋಡಲಾಗಲಿಲ್ಲ. ಲ್ಯಾಪ್‌ಟಾಪ್ ಬದಿಗೆ ಸರಿಸಿ ಅವಳೇ ಅಂದಳು:

"ಹೆಸರೂ ಇಟ್ಕೊಂಡಿದ್ದೆ ಅತ್ತೆ. ಯಾರಿಗೂ ಹೇಳಿಲ್ಲ."

"ನಂಗೆ ಹೇಳು ಮಗಾ."

ಹೇಳಿದಳು. ಇಲ್ಲಿ ಬರೆಯುವುದಿಲ್ಲ. ಆ ಹೆಸರು ಅವಳದು. ಇಬ್ಬರೂ ಅತ್ತುಬಿಟ್ಟೆವು. ಆಮೇಲೆ ರವೀಶನನ್ನು ಕೂಗಿ ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ಎದ್ದು ಬಂದೆ.

ಜೂನ್ 30, ಬೆಳಿಗ್ಗೆ

ಇವತ್ತಿಂದ ರಕ್ಷಾ ಶಾಲೆಗೆ. ನನಗೆ ಹೋಂವರ್ಕ್ ಬೇರೆ —

"ಬರೋದ್ರೊಳಗೆ ನಕ್ಷತ್ರ ಮಾಡಿಡಿ. ನೋಡ್ತೀನಿ."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ನನ್ನ ಕೈ ಹಿಡಿದುಕೊಂಡಳು. ಬಸ್ ಸ್ಟ್ಯಾಂಡ್‌ವರೆಗೆ ನಾನೂ ಬರುತ್ತೇನೆ ಎಂದೆ. ಈಗ ಗೇಟಿನಿಂದ ಕೂಗುತ್ತಿದ್ದಾಳೆ, "ಅತ್ತೇ, ಬಂದ್ರಾ?" ಹೋಗಬೇಕು, ಉಳಿದದ್ದು ಆಮೇಲೆ.