ಎಡಕ್ಕೆ ಬಿದ್ದ ಗುಂಡಿ

ಜಯಪುರ, ಕೊಪ್ಪ ತಾಲ್ಲೂಕು
12 ಅಕ್ಟೋಬರ್ 2025, ಭಾನುವಾರ

ನನ್ನ ತಂಗಿಯ ಮಗ ರಿಹಾನನಿಗೆ,

ಜಯಪುರ ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಅಂಗಡಿ ಇಟ್ಟಿರುವ ನಿನ್ನ ಸುಲೈಮಾನ್ ಮಾಮುವಿನ ಸಲಾಂ. ಈ ಪತ್ರವನ್ನು ಹರಿದು ಹಾಕುವ ಮನಸ್ಸಿದ್ದರೆ ಮೊದಲು ಪೂರ್ತಿ ಓದು, ಆಮೇಲೆ ಹರಿ. ಏಳನೇ ಕ್ಲಾಸಿನ ಪರೀಕ್ಷೆಯ ನಂತರ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಆ ವರ್ಷ ಭಂಡಿಗಡಿ ಶಾಲೆಯಲ್ಲಿ ನನ್ನ ಅಕ್ಷರಕ್ಕೆ ಬಹುಮಾನ ಬಂದಿತ್ತು. ಅದು ನಿನಗೆ ಗೊತ್ತು, ನಾನೇ ನೂರು ಸಲ ಹೇಳಿದ್ದೇನೆ. ಮನೆಯಲ್ಲಿ ನಾವು ಆಡುವುದು ಉರ್ದುವಾದರೂ ನನಗೆ ಬರೆಯಲು ಬರುವುದು ಕನ್ನಡ ಮಾತ್ರ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಶಿವಮೊಗ್ಗದಲ್ಲಿ ನೀನು ಕೆಲಸ ಮಾಡುವ ಲ್ಯಾಬಿನ ವಿಳಾಸವನ್ನು ಆಸಿಫಾ ಕೊಟ್ಟಳು.

ವಿಷಯ ಆಸಿಫಾಳದ್ದೇ. ನನ್ನ ಮಗಳಿಗೆ ಶೃಂಗೇರಿಯ ಜಮೀರನ ಜೊತೆ ನವೆಂಬರ್ ಒಂಬತ್ತಕ್ಕೆ ಕೊಪ್ಪದಲ್ಲಿ ನಿಕಾಹ್. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನೀವಿಬ್ಬರು. ದಿನಾ ಬೆಳಿಗ್ಗೆ ಚಹಾ ಕೊಡುವಾಗ “ರಿಹಾನ್ ಭಾಯಿ ಬರ್ತಾನಾ ಅಬ್ಬಾ?” ಎಂದು ಕೇಳುತ್ತಾಳೆ. ಚಹಾ ತಣ್ಣಗಾಗುವ ತನಕ ನಾನು ಉತ್ತರ ಹುಡುಕುತ್ತೇನೆ. ನೀನು ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತು. ಆ ಅಂಗಿ.

ಈ ಸಲದ ರಂಜಾನ್ ಹಬ್ಬಕ್ಕೆ ನೀನು ಎರಡು ವರ್ಷದ ಮೇಲೆ ಬಂದಿದ್ದೆ. ಗಿಡ್ಡ ಕೂದಲು, ತೆಳು ಮೀಸೆ, ಹೊಸ ಹೆಸರು. ಹನ್ನೆರಡು ವರ್ಷವಾದಾಗಿನಿಂದ ನಿನ್ನ ಅಳತೆಯನ್ನು ಪರದೆಯ ಹಿಂದೆ ನನ್ನ ಹೆಂಡತಿ, ನಿನ್ನ ಮುಮಾನಿ, ತೆಗೆಯುತ್ತಿದ್ದಳು. ಹೆಂಗಸರ ಅಳತೆಗೆ ನಾನು ಟೇಪು ಮುಟ್ಟುವವನಲ್ಲ, ನಮ್ಮ ಅಂಗಡಿಯ ಪದ್ಧತಿ ಅದು. ಆವತ್ತು ನೀನು ನೆಟ್ಟಗೆ ನನ್ನ ಮುಂದೆ ಬಂದು ನಿಂತು, “ಮಾಮು, ನೀವೇ ತೆಗೀರಿ” ಅಂದೆ. ಟೇಪು ಎರಡು ಸಲ ನನ್ನ ಕೈಯಿಂದ ಜಾರಿ ಬಿದ್ದದ್ದನ್ನು ನೀನು ನೋಡಿದೆ. ನಾನು ಚಳಿ ಅಂದೆ. ಮಾರ್ಚ್ ತಿಂಗಳಲ್ಲಿ!

ಅಂಗಿ ಹೊಲಿದೆ. ಗಂಡಸರ ಅಂಗಿಗೆ ಗುಂಡಿ ಬಲಕ್ಕೆ, ಹೆಂಗಸರ ಅಂಗಿಗೆ ಎಡಕ್ಕೆ. ಇದು ಟೈಲರಿಗೆ ಉಸಿರಾಟ ಇದ್ದ ಹಾಗೆ. ಆದರೆ ನಿನ್ನ ಒಂದನೇ ಕ್ಲಾಸಿನಿಂದ ಬಾಳಗಡಿಯ ಕಾಲೇಜಿನ ತನಕ ನಿನ್ನ ಪ್ರತಿ ಯೂನಿಫಾರಂ ಹೊಲಿದದ್ದು ಇದೇ ಕೈ. ನಿನ್ನ ಅಂಗಿ ಎಂದ ಕೂಡಲೇ ಅದು ತಾನಾಗಿ ಎಡಕ್ಕೆ ಹೋಯಿತು. ಹಬ್ಬದ ಗಡಿಬಿಡಿಯಲ್ಲಿ ನಾನು ನೋಡಲಿಲ್ಲ. ನೀನು ಹಾಕಿಕೊಂಡು ಹೊರಗೆ ಬಂದೆ. ನಮ್ಮ ನೆಂಟರಲ್ಲೊಬ್ಬ ನೋಡಿ, “ಮಾಮು ಸರಿಯಾಗೇ ಹೊಲ್ದಿದಾರೆ ಬಿಡ್ರಿ, ಬೇಕಂತಲೇ ಅಲ್ವಾ ಮಾಮು?” ಎಂದು ನಕ್ಕ.

ಆಗ ನಾನು “ತಪ್ಪಾಯ್ತು” ಎನ್ನಬೇಕಿತ್ತು. ಒಂದೇ ಮಾತು. ಆದರೆ ಮೂವತ್ತೆಂಟು ವರ್ಷ ಕತ್ತರಿ ಹಿಡಿದವನು, ಕೊಪ್ಪದಿಂದಲೂ ಜನ ಹುಡುಕಿಕೊಂಡು ಬರುವ ಟೈಲರು, ಗುಂಡಿಯ ಬದಿ ತಪ್ಪಿದೆ ಎಂದು ಹೇಗೆ ಒಪ್ಪಿಕೊಳ್ಳಲಿ? ಮೀಸೆ ತಿರುವಿ ನಕ್ಕೆ. ನನ್ನದು ಹುಡುಗಾಟದ ಬುದ್ಧಿ ಎಂದು ಊರಿಗೇ ಗೊತ್ತು, ಬೇಕಂತಲೇ ಮಾಡಿದೆ ಎಂದು ಎಲ್ಲರೂ ನಂಬಿದರು. ನೀನೂ ನಂಬಿದೆ. ಅಂಗಿಯನ್ನು ಕಳಚಿ, ಅಂಗಡಿಯಲ್ಲಿ ಮಡಚುವ ಹಾಗೆಯೇ ನೀಟಾಗಿ ಮಡಚಿ ಮಂಚದ ಮೇಲಿಟ್ಟು, ಶಿವಮೊಗ್ಗದ ಬಸ್ಸು ಹತ್ತಿದೆ. ಕೈ ಮಾಡಿದ್ದು ತಪ್ಪು, ರಿಹಾನ್. ಬಾಯಿ ಮಾಡಿದ್ದು ದ್ರೋಹ. ಕೈಯದನ್ನು ಕ್ಷಮಿಸು. ಬಾಯಿಯದು ನಿನ್ನ ಇಷ್ಟ.

ಆ ದಿನದಿಂದ ನನಗೊಂದು ಹುಳ ಹೊಕ್ಕಿದೆ. ಗುಂಡಿ ಅಲ್ಲಿ ಎಡಕ್ಕೆ ಯಾಕೆ, ಇಲ್ಲಿ ಬಲಕ್ಕೆ ಯಾಕೆ? ನನಗೆ ಕೆಲಸ ಕಲಿಸಿದ ಉಸ್ತಾದರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿವೃತ್ತರಾದ ರೇಣುಕಾಪ್ರಸಾದ್ ಮೇಷ್ಟ್ರನ್ನು ಕೇಳಿದೆ. ಮೊಬೈಲಿನಲ್ಲಿ ಅರ್ಧ ಗಂಟೆ ಹುಡುಕಿ, “ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಸುಲೈಮಾನ್, ಗಟ್ಟಿಯಾಗಿ ಯಾರಿಗೂ ಗೊತ್ತಿಲ್ಲ” ಅಂದರು. ಯಾರಿಗೂ ಗೊತ್ತಿಲ್ಲದ ಒಂದು ಕಟ್ಟಳೆಯನ್ನು ನಾನು ಸಾವಿರಾರು ಅಂಗಿಗಳ ಮೇಲೆ ಹೊಲಿದಿದ್ದೇನೆ!

ಹಾಗಾದರೆ ಮನುಷ್ಯನಲ್ಲಿ ಹುಟ್ಟಿನಿಂದ ಬಂದದ್ದು ಎಷ್ಟು, ನನ್ನಂಥ ಟೈಲರುಗಳು ಹೊಲಿದು ತೊಡಿಸಿದ್ದು ಎಷ್ಟು? ತೋಟದ ಕೆಲಸದ ಮಂಜಯ್ಯ ಅಂಗಿಗೆ ತೇಪೆ ಹಾಕಿಸಲು ಬಂದಾಗ ಅವನ ಮುಂದೆ ಈ ಮಾತು ತೆಗೆದೆ. “ಎಂತ ಮಾರಾಯ, ಗುಂಡಿ ಬೇರೆ ಮೈ ಬೇರೆ. ಮೈ ಎಂತ ಹೇಳ್ತದೆ ಅದೇ ಸತ್ಯ. ನಿನ್ನ ಟೇಪ್ ಸುಳ್ಳು ಹೇಳ್ತದಾ?” ಅಂದ. ನಾನು ಬಿಡುತ್ತೇನಾ? “ಟೇಪಲ್ಲಿ ಇಂಚು ಬರೆದಿದೆ ಮಂಜಯ್ಯ, ಗಂಡು ಹೆಣ್ಣು ಅಂತ ಎಲ್ಲಿ ಬರೆದಿದೆ ತೋರಿಸು” ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಮಂಜಯ್ಯ ನಗಲಿಲ್ಲ. “ಬಾಯಿ ಉಂಟು ಅಂತ ಆಡ್ತೀಯ. ಹೆತ್ತವಳನ್ನ ಕೇಳು ಹೋಗು” ಅಂದ.

ಕೇಳಲು ಹೋದೆ. ನಿನ್ನ ತಾಯಿ ಬೀಬಿ ಜಾನ್ ಅಕ್ಕಿ ಆರಿಸುತ್ತಿದ್ದಳು. “ನಾನು ಹೆತ್ತದ್ದು ಹೆಣ್ಣು. ಅದು ಸುಳ್ಳಾ ಭಾಯಿಜಾನ್?” ಎಂದು ಕೇಳಿದಳು. ಸುಳ್ಳಲ್ಲ ಅಂದೆ. “ಹಾಗಾದ್ರೆ ರಿಹಾನ್ ಹೇಳೋದು ಸುಳ್ಳಾ?” ಅದೂ ಅಲ್ಲ ಅಂದೆ. “ಎರಡೂ ಹೇಗೆ ನಿಜ ಆಗುತ್ತೆ?” ಅಂದಳು. ಏಳನೇ ಕ್ಲಾಸಿನವನನ್ನು ಇಂಥದ್ದೆಲ್ಲ ಕೇಳಬೇಡ ಎಂದು ಎದ್ದು ಬಂದೆ. ಬರುವಾಗ ಒಂದು ಗಮನಿಸಿದೆ. ಅವಳ ಬಾಯಲ್ಲಿ ರಿಹಾನ್ ಎಂದೇ ಬಂತು.

ನೀನು ಹುಟ್ಟಿದಾಗ ನರ್ಸಮ್ಮ ಹೆಣ್ಣು ಎಂದಳು, ನಾನು ಕೇರಿಗೆಲ್ಲ ಸಕ್ಕರೆ ಹಂಚಿದೆ. ಅಫ್ಸಾನಾ ಎಂಬ ಹೆಸರು ಆರಿಸಿದವನೂ ನಾನೇ. ಇನ್ನೆಂದೂ ಅದನ್ನು ಬರೆಯುವುದಿಲ್ಲ, ಇದೊಂದು ಸಲ ಕೈಯಾರೆ ಬರೆದು ಮುಗಿಸಿದೆ. ನನಗೆ ತಿಳಿಯದ್ದು ಬಹಳ ಇದೆ. ನೀನು ಗಂಡೆಂದು ನಿನಗೆ ಯಾವಾಗ ಗೊತ್ತಾಯಿತು? ಯೂನಿಫಾರಂ ಹಾಕಿ ಕುಣಿಯುತ್ತಿದ್ದೆಯಲ್ಲ, ಆಗಲೂ ಒಳಗೆ ಹೀಗೇ ಇತ್ತಾ? ನಾನು ಉದ್ದ ಲಂಗಕ್ಕೆ ಅಳತೆ ಕೊಡು ಎಂದು ಗದರಿದಾಗೆಲ್ಲ ಏನನ್ನಿಸುತ್ತಿತ್ತು? ಊರವರ ಹಾಗೆ ತನಿಖೆಗೆ ಕೇಳುತ್ತಿಲ್ಲ, ತಿಳಿಯುವ ಆಸೆಯಿಂದ ಕೇಳುತ್ತಿದ್ದೇನೆ. ಹೇಳಲು ಇಷ್ಟವಿಲ್ಲದಿದ್ದರೆ ನನ್ನ ಬಾಯಿ ಮುಚ್ಚಿಸು. ಆ ಹಕ್ಕು ನಿನಗಿದೆ.

ಈಗ ಮುಖ್ಯ ಸಂಗತಿ. ಹೋದ ಶುಕ್ರವಾರ ನಮಾಜಿನ ನಂತರ ಜಮೀರನ ಮನೆಯ ಹಿರಿಯರು ಮಾತುಕತೆಗೆ ಬಂದಿದ್ದರು. ನಿಕಾಹ್ ದಿನ ಕೊಪ್ಪದ ಹಾಲ್‌ನಲ್ಲಿ ಗಂಡಸರು ಕೆಳಗೆ, ಹೆಂಗಸರು ಮೇಲೆ ಎಂದು ಮಾತಾಯಿತು. ಅಷ್ಟರಲ್ಲಿ ಜಮೀರನ ತಂದೆ ಗಂಟಲು ಸರಿಮಾಡಿಕೊಂಡು, “ನಿಮ್ಮ ತಂಗಿಯ ಆ ಮಗು... ಬಂದರೆ ಎಲ್ಲಿ ಕೂರಿಸ್ತೀರಿ?” ಎಂದು ಕೇಳಿದರು. ನಾನು ಬಿಟ್ಟೇನಾ? ನೆಟ್ಟಗೆ ಕೂತು ಹೇಳಿದೆ, “ಅವನಿಗೆ ಮೀಸೆ ಬಂದಿದೆ ಸಾಹೇಬರೇ. ಮೇಲೆ ಕೂರಿಸಿದರೆ ನಿಮ್ಮ ಮನೆ ಹೆಂಗಸರೇ ಮುಖ ಮುಚ್ಚಿಕೊಂಡು ಬಿರಿಯಾನಿ ತಿನ್ನಬೇಕಾಗುತ್ತೆ. ಆಗಬಹುದಾ?” ಒಬ್ಬರು ಮುಸಿಮುಸಿ ನಕ್ಕರು. ಜಮೀರನ ತಂದೆ ಗಡ್ಡ ಸವರಿಕೊಂಡು, “ಸರಿ, ಕೆಳಗೇ ಕೂರಲಿ” ಅಂದರು. ಮನಸ್ಸಿನಿಂದ ಒಪ್ಪಿದರೋ, ಬಿರಿಯಾನಿಯ ಯೋಚನೆಯಿಂದ ಒಪ್ಪಿದರೋ, ಅದು ಅವರಿಗೆ ಮತ್ತು ಅಲ್ಲಾಹನಿಗೆ ಗೊತ್ತು. ನೋಡು, ಹೇಗಿದೆ ನಿನ್ನ ಮಾಮುವಿನ ಮಾತು!

ಹಾಗಾಗಿ ಬಾ. ಕೆಳಗೆ, ಗಂಡಸರ ಊಟಕ್ಕೆ ಹಾಸಿದ ದಸ್ತರ್‌ಖಾನಿನಲ್ಲಿ ನನ್ನ ಪಕ್ಕ ಕೂತು ಊಟ ಮಾಡು. ಹೊಸ ಅಂಗಿ ಹೊಲಿಯುತ್ತೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ರೆಡಿಮೇಡ್ ಹಾಕಿಕೊಂಡೇ ಬಾ. ಟೈಲರಾಗಿ ಈ ಮಾತನ್ನು ಇಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿಲ್ಲ.

ಇತಿ,
ನಿನ್ನ ದಾರಿ ಕಾಯುವ ಮಾಮು
ಸುಲೈಮಾನ್, ಕಟಿಂಗ್ ಮಾಸ್ಟರ್

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಆಸಿಫಾ ಇದನ್ನು ಓದಿದಳು. ನನ್ನ ಮುಖ ನೋಡಿ ಒಳಗೆ ಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ಆ ಮೀಸೆಯ ಮಾತು, ಬಿರಿಯಾನಿಯ ಮಾತು ನನ್ನದಲ್ಲ. ಜಮೀರನ ತಂದೆ ಕೇಳಿದಾಗ ನೀರು ತರುತ್ತೇನೆ ಎಂದು ನಾನು ಅಡುಗೆಮನೆಗೆ ಎದ್ದು ಹೋಗಿದ್ದೆ. ಮದುಮಗಳೇ ಬಾಗಿಲಿಗೆ ಬಂದು ನಿಂತು ಮಾವನಿಗೆ ಅಷ್ಟನ್ನೂ ಹೇಳಿದಳು. ನಾನು ಒಳಗೆ ಕೊಡ ಹಿಡಿದು ಕೇಳಿಸಿಕೊಂಡೆ. ಆದರೆ ನಿಕಾಹ್ ದಿನ ಅವಳು ಮೇಲಿರುತ್ತಾಳೆ. ಕೆಳಗೆ ಬಾಗಿಲಲ್ಲಿ ನಿಂತು ಶೃಂಗೇರಿಯವರಿಗೆಲ್ಲ ನಿನ್ನ ಪರಿಚಯ ಹೇಳಬೇಕಾದವನು ನಾನೊಬ್ಬನೇ. ಅಂಗಡಿಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ: “ಇವನು ರಿಹಾನ್, ನನ್ನ ತಂಗಿ ಮಗ.” ಇವತ್ತು ಹತ್ತು ಸಲ ಹೇಳಿದೆ. ಏಳು ಸಲ ತಲೆ ಎತ್ತಿ ಹೇಳಲು ಆಯಿತು. ಒಂಬತ್ತನೇ ತಾರೀಕಿಗೆ ಇನ್ನೂ ನಾಲ್ಕು ವಾರ ಇದೆ.