ನೂಲಗೇರಿಯ ಬೂಜಿಗೆ ಅರಿಶಿಣ ಎರೆದದ್ದು

ನೂಲಗೇರಿ, ಹಳ್ಳ ತಿಳಿಯಾದ ನೂರಾ ಹನ್ನೊಂದನೆಯ ವರ್ಷ, ಸೊಪ್ಪೆ ತುಂಬುವ ತಿಂಗಳು, ಸೋಮವಾರ.

ನೂರು ವರ್ಷಕ್ಕೂ ಹಿಂದೆ, ಬಣ್ಣದ ನೀರಿಗೆ ಇನ್ನೂ ಕೆಂಪಾಗಿರುವ ಹಳ್ಳದ ದಂಡೆಯ ಮೇಲೆ ಬದುಕುತ್ತಿರುವ ನಮ್ಮ ಹಿರಿಯರಿಗೆ ಬೂಜುಗಾತಿ ನಿಂಬೆವ್ವನ ಶರಣು. ನಿಮ್ಮ ಕಾಲದಲ್ಲಿ ಹುಟ್ಟದ ಒಂದೆರಡು ಮಾತು ಈ ಕಾಗದದಲ್ಲಿ ಬಂದಾವು, ಮನ್ನಿಸಿರಿ. ಬೂಜುಗಾತಿ ಎಂದರೆ ಬೂಜು ಸಾಕುವವಳು. ನೀವು ಎಮ್ಮೆ ಸಾಕಿದಂತೆ ನಾನು ಬೂಜು ಸಾಕುತ್ತೇನೆ. ಅದು ಹಾಲು ಕೊಡುವುದಿಲ್ಲ, ಒದೆಯುವುದೂ ಇಲ್ಲ.

ನಮ್ಮೂರಲ್ಲಿ ಇಂದಿಗೂ ಸೀರೆಯ ನೂಲಿಗೆ ಬಣ್ಣ ಹಾಕುತ್ತಾರೆ. ಆದರೆ ಬಣ್ಣದಮನೆಯ ನೀರು ನೇರ ಹಳ್ಳಕ್ಕೆ ಹೋಗದೆ, ಬೂಜು ಬಣ್ಣ ಮೇಯುವ ಮೇವುತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ತುಂಬ ಬೇಯಿಸಿದ ಜೋಳದ ದಂಟಿನ ಸೊಪ್ಪೆ, ಸೊಪ್ಪೆಯ ಮೈತುಂಬ ಅಣಬೆಯ ಬಿಳಿ ಎಳೆ; ಅದೇ ನಮ್ಮ ಬೂಜು. ಒಣಮರವನ್ನೇ ಕರಗಿಸುವ ಅದರ ರಸ ಬಣ್ಣದ ವಿಷವನ್ನೂ ಬಿಡಿಸಿಹಾಕುತ್ತದೆ. ಬೆಳಗಾದರೆ ನಾನು ನೀರು ಹಳ್ಳಕ್ಕೆ ಬೀಳುವ ತೊಟ್ಟಿಯ ಹೊರಬಾಯಿಯಲ್ಲಿ ಒಂದು ಬಿಳಿ ನೂಲು ಅದ್ದುತ್ತೇನೆ. ನೂಲು ಬೆಳ್ಳಗೇ ಉಳಿದರೆ ಬಣ್ಣದಮನೆಯ ಒಲೆ ಹೊತ್ತುತ್ತದೆ. ಬಣ್ಣ ಹತ್ತಿದರೆ ಹೊತ್ತಿಸುವಂತಿಲ್ಲ, ಏಕೆಂದರೆ ಕೆಳಗಿನ ಶಿರಗುಂಪಿಯವರು ಅದೇ ಹಳ್ಳದ ನೀರು ಕುಡಿಯುತ್ತಾರೆ.

ಹೋದ ವರ್ಷ ಊರಿಗೆ ಊರೇ ಬೂಜಿನ ಉಪಕಾರ ನೆನೆದು ತೊಟ್ಟಿಗೆ ಪೂಜೆ ಇಟ್ಟುಕೊಂಡಿತು. ಬಣ್ಣದಮನೆಯ ಯಜಮಾನ ಕಲ್ಲಿನಾಥಪ್ಪ ಭಕ್ತಿಯಿಂದ ಒಂದು ಕೊಡ ಅರಿಶಿಣದ ನೀರು ಎರೆದರು. ಅವರನ್ನು ನೋಡಿ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಕೊಡ ತಂದರು. ಆ ವಾರದೊಳಗೆ ಬಿಳಿ ಎಳೆಗಳೆಲ್ಲ ಕಂದಿ ಲೋಳೆಯಾದವು. ನಾನು ಅದ್ದಿದ ನೂಲು ಕೆಂಪಾಗಿ ಮೇಲೆ ಬಂತು. ಒಲೆ ಆರಿತು. “ಉಪ್ಪಿನಕಾಯಿಗೆ ಬೂಜು ಹತ್ತಬಾರದಂತ ಅರಿಶಿಣ ಹಾಕೋ ಮಂದಿ ನಾವು. ಬೂಜಿಗೇ ಹಾಕೀವಲ್ಲ ನಿಂಬೆವ್ವಾ!” ಎಂದು ಕಲ್ಲಿನಾಥಪ್ಪ ಹಣೆ ಬಡಿದುಕೊಂಡರು. ಅಂಥ ಬೂಜು ಎಲ್ಲೆಂದರಲ್ಲಿ ಸಿಗುವುದಿಲ್ಲ. ತಲೆಮಾರುಗಳಿಂದ ನಮ್ಮ ಬಣ್ಣ ತಿಂದು ಪಳಗಿದ್ದು ಅದು. ಅದು ಹೋದರೆ ಊರಿನ ಕಸಬೇ ಹೋದಂತೆ.

ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಒಂದು ಹಿಡಿ ಬೂಜು ಹತ್ತಿದ ಸೊಪ್ಪೆ ಇಡುತ್ತೇವೆ. ಮೊಸರಿಗೆ ಹೇಳುವಂತೆ ಅದಕ್ಕೂ ಹೆಪ್ಪು ಎನ್ನುತ್ತೇವೆ. ಶಿರಗುಂಪಿಗೆ ಕೊಟ್ಟ ನಮ್ಮೂರ ದಾನಮ್ಮ ಮನೆಯಲ್ಲೇ ನೂಲಿಗೆ ಬಣ್ಣ ಹಾಕುವವಳು. ಹಿತ್ತಿಲ ಗುಂಡಿಯಲ್ಲಿ ಆ ಹೆಪ್ಪನ್ನು ಸಾಕಿಕೊಂಡಿದ್ದಳು. ಸುದ್ದಿ ಕೇಳಿದವಳೇ ಹೆಪ್ಪಿನ ಬುಟ್ಟಿ ಹೊತ್ತು ಬಂದಳು. “ಉಡಿಯಾಗ ಕೊಟ್ಟಿದ್ದು ಹೊಳ್ಳಿ ತರಬಾರದಂತಾರ, ನಿಂಬೆಕ್ಕ. ತವರಿನವರು ಮದುವಿ ಮಾಡಿದಂಗ ಅರಿಶಿಣ ಎರದು ಕೊಂದ್ರ ನಾನರ ಏನ್ ಮಾಡ್ಲಿ?” ಎಂದಳು. ಕಲ್ಲಿನಾಥಪ್ಪ ತಾವೇ ಕೂತು ಸೊಪ್ಪೆ ಬೇಯಿಸಿದರು, ನಾನು ಅದಕ್ಕೆ ದಾನಮ್ಮನ ಹೆಪ್ಪು ಹಾಕಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ತೊಟ್ಟಿ ಬೆಳ್ಳಗಾಯಿತು, ಊರಿನ ಒಲೆ ಹೊತ್ತಿತು.

ಹಿರಿಯರೇ, ನಿಮ್ಮೊಳಗೆ ಯಾವ ತಾಯಿ ಮೊದಲು ಮಗಳ ಉಡಿಯಲ್ಲಿ ಕೊಳೆತ ಸೊಪ್ಪೆ ಇಟ್ಟಳೋ ನಮಗೆ ತಿಳಿಯದು. ಅವಳ ಹೆಸರು ಗೊತ್ತಿದ್ದರೆ ನಮ್ಮ ಹೆಣ್ಣುಮಕ್ಕಳಿಗೆಲ್ಲ ಅದನ್ನೇ ಇಡುತ್ತಿದ್ದೆವು. ಬೀಗರು ಮೂಗು ಮುರಿದಿರಬೇಕು, ಮಗಳೂ ನಾಚಿರಬೇಕು. ಆ ತಾಯಿ ಇನ್ನೂ ಹಾಗೆ ಮಾಡಿರದಿದ್ದರೆ ಈ ಕಾಗದ ಅವಳ ಕೈಗೇ ಸಿಗಲಿ. ಅವ್ವಾ, ಹಿಂದೆಮುಂದೆ ನೋಡಬೇಡ, ಇಡು. ದಾರಿಯಲ್ಲಿ ಮಗಳು ಚೆಲ್ಲದಂತೆ ಸೆರಗಿನ ಗಂಟು ಬಿಗಿಯಾಗಿ ಕಟ್ಟು.